ಖಾಲಿ ಮನೆಯ ಅಳತೆ

ಚುಕ್ಕೆ ಕದಲಲಿಲ್ಲ. ಪಡಸಾಲೆಯಲ್ಲಿ ಯಾರೂ ಇರಲಿಲ್ಲ. ಆದರೂ ಒಳಕೋಣೆಯ ಕಂಪ್ಯೂಟರಿನ ನಕ್ಷೆಯಲ್ಲಿ, ಪಡಸಾಲೆಯ ಕಿಟಕಿಯ ಕೆಳಗೆ ಅದು ಕೆಂಪಗೆ ಕೂತೇ ಇತ್ತು.

"ಅತ್ತಿ ಕೂಡೂ ಜಾಗಾನ ಅದು," ಎಂದಳು ನೀತಾ. ಹೆದರಿದ್ದಳು ನಿಜ, ಆದರೆ ದನಿಯಲ್ಲಿ ಸಂತೋಷವೂ ಇತ್ತು. "ಅವರು ಹೋಗಿಲ್ರಿ."

ಅತ್ತೆ ಪಾರವ್ವ ತೀರಿಕೊಂಡು ಹನ್ನೊಂದು ದಿನವಾಗಿತ್ತು. ನೀತಾಳ ಗಂಡ ಬಸವಪ್ರಭು ಪುಣೆಯ ಕಾಲೇಜೊಂದರಲ್ಲಿ ಲ್ಯಾಬ್ ನೋಡಿಕೊಳ್ಳುವವನು. 2009ರಲ್ಲಿ ಅಲ್ಲಿನ ಪ್ರಯೋಗವೊಂದನ್ನು ಊರಂಚಿನ ಖರಾಡಿಯ ತನ್ನ ಮನೆಗೇ ತಂದು, ಪಡಸಾಲೆಯ ಗೋಡೆಗಳಿಗೆ ಪುಟ್ಟ ರೇಡಿಯೋಗಳನ್ನು ಅಂಟಿಸಿದ್ದ. ಮೈಮೇಲೆ ಏನೂ ಕಟ್ಟಿಕೊಳ್ಳಬೇಕಿಲ್ಲ. ಮನುಷ್ಯ ಅಡ್ಡ ಬಂದರೆ ಸಿಗ್ನಲ್ ಬದಲಾಗಿ ಚುಕ್ಕೆ ಮೂಡುತ್ತದೆ. ಮೊದಲು ಖಾಲಿ ಮನೆಯ ಅಳತೆ ತೆಗೆದಿಡಬೇಕು, ಅಷ್ಟೆ. ಅದಕ್ಕಿಂತ ಬೇರೆಯಾಗಿ ಕಂಡದ್ದೆಲ್ಲ ಯಂತ್ರದ ಪಾಲಿಗೆ ಮನುಷ್ಯ.

ಬಸವಪ್ರಭು ದೆವ್ವಗಿವ್ವ ನಂಬುವ ಆಸಾಮಿಯಲ್ಲ. ಅಳತೆ ತೆಗೆದ ಹೊತ್ತು ನೋಡಿದ. ಮಂಗಳವಾರ, ಬೆಳಿಗ್ಗೆ ಏಳೂ ಹತ್ತು. ಅದೇ ಮಧ್ಯಾಹ್ನ ಅವ್ವ ಕುಸಿದು ಬಿದ್ದದ್ದು. ಆಸ್ಪತ್ರೆಯಿಂದ ಮತ್ತೆ ಮನೆಗೆ ಬರಲಿಲ್ಲ.

"ಆವತ್ತ ನಾ ಎಲ್ಲಾರೂ ಹೊರಗ ನಡೀರಿ ಅಂದಾಗ ನೀ ಎಲ್ಲಿದ್ದಿ?"

"ಬಾಗಲದಾಚೆ, ಹಾಲಿನ ಪಾತೇಲಿ ಹಿಡ್ಕೊಂಡು."

"ಅವ್ವ?"

"ಲಿಂಗಪೂಜಿಗೆ ಕೂತಿದ್ರು. ಕೈಯಾಗ ಲಿಂಗ ಹಿಡದ್ರ ಅರ್ಧಾ ತಾಸು ಅಲಗಾಡ್ತಿದ್ರೇನು ಅವರು? ಮಾತೂ ಇಲ್ಲ."

"ನಾ ಮನಿ ಖಾಲಿ ಅದ ಅಂತ ಬಟನ್ ಒತ್ತಿದೆ." ಅವನು ಪರದೆಯ ಚುಕ್ಕೆ ತೋರಿಸಿದ. "ಮಷೀನು ಅವ್ವನ್ನೂ ಗ್ವಾಡಿ ಜೋಡಿ ಖಾಲಿ ಮನಿ ಲೆಕ್ಕಕ್ಕ ಹಿಡಕೊಂಡದ. ಈಗ ಆಕಿ ಇಲ್ಲದ್ದನ್ನ ಮನುಷ್ಯಾ ಅಂತ ತೋರಸ್ಲಿಕ್ಕತ್ತದ."

ನೀತಾಳ ಮುಖ ಸಣ್ಣದಾಯಿತು. "ಹಂಗಾರ ಅವರು ಆವತ್ತ ನಿಮ್ಮ ಕಣ್ಣಿಗೇ ಬೀಳ್ಲಿಲ್ಲೇನ್ರಿ?"

ಕಣ್ಣಿಗೆ ಬಿದ್ದಿದ್ದಳು, ದಿನಾ ಕಾಣುವ ಕಪಾಟು ಕಣ್ಣಿಗೆ ಬಿದ್ದ ಹಾಗೆ. ಹಾಗೆಂದು ಹೇಳಲು ಅವನಿಗೆ ನಾಚಿಕೆಯಾಯಿತು.

ನಾಳೆ ಕಾಲೇಜಿನವರು ಪ್ರಯೋಗ ನೋಡಲು ಬರುವವರಿದ್ದರು. ಅಳತೆ ಹೊಸದಾಗಿ ತೆಗೆದರೆ ಚುಕ್ಕೆ ಹೋಗುತ್ತದೆ, ಒಂದು ಗುಂಡಿ ಒತ್ತುವ ಕೆಲಸ.

"ತಗೀಬ್ಯಾಡ್ರಿ," ಎಂದಳು ನೀತಾ. "ಅಲ್ಲರ ಇರ್ಲಿ."

ಅವನ ಬೆರಳೂ ಏಳಲಿಲ್ಲ. ಎದ್ದು ಪಡಸಾಲೆಗೆ ಹೋದ. ಕಿಟಕಿಯ ಕೆಳಗೆ ಅವ್ವನ ಹಾಗೆಯೇ ಗೋಡೆಗೆ ಬೆನ್ನು ಕೊಟ್ಟು ಚಕ್ಕಳಮಕ್ಕಳ ಹಾಕಿ ಕೂತು, ಎಡಗೈಯನ್ನು ಎದೆಯ ಮುಂದೆ ಹಿಡಿದ. ಅಂಗೈ ಬರಿದಾಗಿತ್ತು.

"ನೀತಾ, ಎಲ್ಲಿ ಕಾಣ್ತೀನಿ?"

ಒಳಕೋಣೆಯಲ್ಲಿ ಕುರ್ಚಿ ಸರಿದ ಸದ್ದಾಯಿತು.

"ಕಾಣವಲ್ರಿ. ಆ ಚುಕ್ಕೀನೂ ಹೋತು. ಮನಿಯಾಗ ಯಾರೂ ಇಲ್ಲ ಅಂತ ತೋರಸ್ತದ."

ಅವನು ಉಸಿರು ಬಿಗಿಹಿಡಿದು ಅಲ್ಲಾಡದೆ ಕೂತ. ಬಿಸಿಲು ಮೊಣಕಾಲಿನವರೆಗೆ ಬಂತು.