ಒಯ್ಯದೆ ಉಳಿದ ಮುಖಗಳು

ಗಂಡ ತೀರಿಕೊಂಡ ಮೇಲೂ ಫೋಟೋ ಅಕ್ಕ ಸ್ಟುಡಿಯೋ ಬಾಗಿಲು ಮುಚ್ಚಿರಲಿಲ್ಲ. ವಿದೇಶಕ್ಕೆ ಹೊರಟವರೆಲ್ಲ ಅವಳೆದುರಿನ ಸ್ಟೂಲಿನ ಮೇಲೆ ಕೂತು, ಕಿವಿ ಕಾಣುವಂತೆ ಕೂದಲು ಹಿಂದಕ್ಕೆ ಸರಿಸಿ, ನಗು ನುಂಗಿಕೊಂಡು ಪಾಸ್‌ಪೋರ್ಟ್ ಫೋಟೋ ತೆಗೆಸಿಕೊಂಡವರೇ. ಊರ ಅರ್ಧ ಜನ ಅವಳ ಕೈ ದಾಟಿ ವಿಮಾನ ಹತ್ತಿದ್ದರು. ಅವಳು ಮಾತ್ರ ಏಣಿ ಹಿಡಿದುಕೊಂಡು ಕೆಳಗೇ ಉಳಿದವಳು.

ಆಮೇಲೆ ಎಲ್ಲರ ಕೈಗೂ ಮೊಬೈಲ್ ಬಂತು. ಸ್ಟೂಲು ಖಾಲಿಯಾಯಿತು.

"ಅತ್ತಿಗೆ, ಅಂಗಡಿ ಬಿಟ್ಟುಕೊಟ್ರೆ ಅಲ್ಲಿ ಮೊಬೈಲ್ ರಿಪೇರಿ ಹಾಕ್ತೀನಿ. ದಿನಾ ನೊಣ ಹೊಡೀತಾ ಎಷ್ಟು ಅಂತ ಕೂರ್ತೀರಾ?" ಅಂದ ಮೈದುನ. ಅವನ ಮಾತಿನಲ್ಲಿ ಕುಹಕವಿರಲಿಲ್ಲ. ಅದಕ್ಕೇ ಅವಳಿಗೆ ಜಗಳವಾಡಲೂ ಆಗಲಿಲ್ಲ. ಬೀಗದ ಕೈ ಕೊಟ್ಟು, ಗಂಡನ ಹಳೆಯ ಡಿಜಿಟಲ್ ಕ್ಯಾಮೆರಾ ಚೀಲಕ್ಕೆ ಹಾಕಿಕೊಂಡು, ಒಬ್ಬಳೇ ಪರದೇಶ ನೋಡಲು ಹೊರಟಳು. ಚಿತ್ರಶಾಲೆ ನಡೆಸುವ ಮೇಡಂ ಒಬ್ಬರು, "ಅಲ್ಲಿ ತೆಗೆದ ಫೋಟೋ ತಂದು ತೋರಿಸಿ, ಚೆನ್ನಾಗಿದ್ರೆ ಗೋಡೆಗೆ ಹಾಕೋಣ" ಅಂದಿದ್ದರು. ಅಷ್ಟೇ ಅವಳ ಬುತ್ತಿ.

ಹೋದ ಊರಿನಲ್ಲಿ ನೋಡುವುದಕ್ಕೇನೂ ಬರವಿರಲಿಲ್ಲ. ನದಿ, ಸೇತುವೆ, ಗಡಿಯಾರದ ಗೋಪುರ. ಬೆಳಕು ಹರಿಯುವ ಮುಂಚೆ ಸೇತುವೆಗೆ ಹೋದರೆ ಅಲ್ಲಾಗಲೇ ಜನ ಸಾಲುಗಟ್ಟಿ ಮೊಬೈಲ್ ಎತ್ತಿ ಹಿಡಿದಿದ್ದರು. ಗೋಪುರವನ್ನು ಅವಳು ಕೂತು, ನಿಂತು, ನೆಲಕ್ಕೆ ಒರಗಿ ತೆಗೆದಳು. ಹೇಗೆ ತೆಗೆದರೂ ಅದು ಪಕ್ಕದ ಅಂಗಡಿಯಲ್ಲಿ ಮಾರುವ ಚಿತ್ರದ ತದ್ರೂಪವೇ ಆಗಿ ಕೂರುತ್ತಿತ್ತು. ಎಂಜಲು ತಟ್ಟೆಯಲ್ಲಿ ಉಂಡಂತಾಯಿತು ಅವಳಿಗೆ.

ಒಂದು ಮಧ್ಯಾಹ್ನ ಕಾಲು ಸೋತು ದೊಡ್ಡ ರಸ್ತೆ ಬಿಟ್ಟಳು. ಬಟ್ಟೆ ಒಗೆಯುವ ಅಂಗಡಿಯ ಹಿಂದೆ ಒಂದು ಓಣಿ. ಅಲ್ಲೊಂದು ಗಾಜಿನ ಕಪಾಟಿನಲ್ಲಿ ಮದುಮಕ್ಕಳು, ಬೋರಲು ಮಲಗಿದ ಕೂಸು, ಟೋಪಿ ಹಾಕಿದ ಸಿಪಾಯಿ. ಬಿಸಿಲಿಗೆ ಎಲ್ಲರೂ ನೀಲಿಗಟ್ಟಿದ್ದರು. ಅವಳು ಗಾಜಿನ ಹತ್ತಿರ ಮುಖ ತಂದು ನೋಡಿದಳು. ಸ್ಟುಡಿಯೋ!

ಷಟರ್ ಅರ್ಧ ಎತ್ತಿತ್ತು. ಒಬ್ಬ ಮುದುಕ ಒಳಗಿನಿಂದ ರಟ್ಟಿನ ಡಬ್ಬಗಳನ್ನು ತಂದು ರಸ್ತೆ ಬದಿಯ ಕಬ್ಬಿಣದ ಕಸದ ತೊಟ್ಟಿಗೆ ಸುರಿಯುತ್ತಿದ್ದ. ಸುರಿಯುತ್ತಿದ್ದುದೆಲ್ಲ ಮುಖಗಳು. ಓಣಿಯ ಬೆಳಕು ಅವನ ಕೆನ್ನೆಗೆ ಓರೆಯಾಗಿ ಬಿದ್ದಿತ್ತು. ಡಬ್ಬದಂಚಿನಿಂದ ಒಬ್ಬ ಹುಡುಗಿಯ ಚಿತ್ರ ಜಾರುತ್ತಿತ್ತು. ಫೋಟೋ ಅಕ್ಕನ ಕೈ ತಾನಾಗಿಯೇ ಕ್ಯಾಮೆರಾ ಎತ್ತಿತು. ಒತ್ತಿದ ಕ್ಷಣವೇ ಗೊತ್ತಾಯಿತು, ತಾನು ಇಷ್ಟು ದೂರ ಬಂದದ್ದು ಇದಕ್ಕೆ.

ಮುದುಕನಿಗೆ ಆ ಸದ್ದು ಕೇಳಿಸದೆ ಇದ್ದೀತೆ? ಡಬ್ಬ ಕೆಳಗಿಟ್ಟ. ಇಬ್ಬರಿಗೂ ಬರುತ್ತಿದ್ದದ್ದು ಹರಕು ಇಂಗ್ಲಿಷ್. ಅದರಲ್ಲೇ ಮಾತಾಯಿತು.

"ಅಂಗಡಿ ಬದುಕಿದ್ದಾಗ ಒಬ್ಬರೂ ಫೋಟೋ ತೆಗೀಲಿಲ್ಲ," ಅಂದ. "ಇವತ್ತು ಹೆಣ ಎತ್ತುವಾಗ ಬಂದ್ರಾ?"

ಅವಳಿಗೆ ತಲೆ ಎತ್ತಲಾಗಲಿಲ್ಲ. "ಅಳಿಸ್ಲಾ?"

"ಅಳಿಸಿ."

ಅವನ ಮುಂದೆಯೇ ಅಳಿಸಿದಳು. ಒಂದು ಗುಂಡಿ ಒತ್ತುವುದಕ್ಕೆ ಏನು ಮಹಾ ಬಲ ಬೇಕು. ಆದರೂ ಹೆಬ್ಬೆರಳು ಎರಡು ಸಲ ಹಿಂದೆ ಬಂತು. ಅಳಿಸಿದ ಮೇಲೆ ಮುದುಕ ತಣ್ಣಗಾದ. ಅವಳು ಮೊಣಕೈಗಳನ್ನು ಪಕ್ಕೆಗೆ ಒತ್ತಿ ಕ್ಯಾಮೆರಾ ಹಿಡಿದ ರೀತಿ ನೋಡಿದ.

"ನಿಮ್ದೂ ಇದೇ ಕೆಲಸಾನಾ?"

"ಹೂಂ. ಸ್ಟುಡಿಯೋ."

"ಅಂಗಡಿ ತೆಗೆದಿದ್ಯಾ ಇನ್ನೂ?"

ನಿಜ ಹೇಳಬೇಕೆಂದೇ ಬಾಯಿ ತೆರೆದಳು. "ತೆಗೆದಿದೆ," ಅಂದಳು.

"ಜನ ಬರ್ತಾರಾ?"

"ಬರ್ತಾರೆ. ಪುರುಸೊತ್ತೇ ಇರಲ್ಲ."

ಮುದುಕ ಎದೆಯ ಮೇಲೆ ಕೈಯಿಟ್ಟುಕೊಂಡ. "ಎಲ್ಲೋ ಒಂದು ಕಡೆ ನಡೀತಿದೆಯಲ್ಲ, ಸಾಕು ಬಿಡಿ." ಅವನು ಅಷ್ಟೊಂದು ಸಂತೋಷಪಡಬಾರದಿತ್ತು ಅನಿಸಿತು ಅವಳಿಗೆ.

ಬಗ್ಗಿದರೆ ಅವನ ಸೊಂಟ ಹಿಡಿಯುತ್ತಿತ್ತು. ಅವಳು ಕ್ಯಾಮೆರಾವನ್ನು ಚೀಲಕ್ಕೆ ಹಾಕಿ ತಾನೂ ಡಬ್ಬ ಹೊತ್ತಳು. ಎಲ್ಲವೂ ಜನ ತೆಗೆಸಿ, ಒಯ್ಯದೆ ಬಿಟ್ಟುಹೋದ ಫೋಟೋಗಳು. ಒಂದೊಂದೂ ಒಂದೊಂದು ಲಕೋಟೆಯಲ್ಲಿ. ಒಂದರಿಂದ ಬೊಚ್ಚುಬಾಯಿಯ ಮಗು ಇಣುಕಿತು.

"ಇವನಿಗೇ ಈಗ ಮೊಮ್ಮಕ್ಕಳಿರ್ಬೇಕು," ಅಂದ ಮುದುಕ.

"ಯಾಕೆ ಬರ್ಲಿಲ್ವೋ?"

"ಬರ್ತೀವಿ ಅಂದವರೆಲ್ಲ ಬರ್ತಾರಾ? ಇಷ್ಟು ದಿನ ಕಾದೆ. ನಾನು ಹೋದ ಮೇಲೆ ಯಾರೋ ಎಸೆಯೋದಕ್ಕಿಂತ ನಾನೇ ಎಸೆಯೋದು ವಾಸಿ."

ತೊಟ್ಟಿ ತುಂಬಿತು. ಮುಚ್ಚಳ ಕೂರಲಿಲ್ಲ. ಇಬ್ಬರೂ ಸೇರಿ ಅಮುಕಿದರು. ಒಳಗೆ ಕಾಗದ ಮುದುಡುವ ಸದ್ದಾಯಿತು. ಮುದುಕ ಷಟರ್ ಎಳೆದು, ಧೂಳು ಹಿಡಿದ ಕೈಗಳನ್ನು ತೋರಿಸಿ, ಕೈ ಕುಲುಕದೆಯೇ ಹೋದ. ಅವಳು ಮಾರನೆಯ ಬೆಳಿಗ್ಗೆ ಅದೇ ಓಣಿಗೆ ಬಂದಾಗ ತೊಟ್ಟಿ ಖಾಲಿಯಾಗಿತ್ತು. ಕಪಾಟಿನ ಗಾಜಿಗೆ ಒಳಗಿನಿಂದ ಹಳೆಯ ಪತ್ರಿಕೆ ಅಂಟಿಸಿದ್ದರು. ಉಳಿದ ದಿನಗಳಲ್ಲಿ ಅವಳು ಕ್ಯಾಮೆರಾ ಹೊರಗೆ ತೆಗೆಯಲಿಲ್ಲ.

ಊರಿಗೆ ಬಂದು ಮೇಡಂಗೆ ಸೇತುವೆ, ಗೋಪುರ, ನದಿ ತೋರಿಸಿದಳು. ಅವರು ತಾಳ್ಮೆಯಿಂದಲೇ ನೋಡಿದರು. "ಕೈ ಪಳಗಿದೆ, ತುಂಬಾ ಚೊಕ್ಕ," ಅಂದರು. "ಆದ್ರೆ ಇದರಲ್ಲಿ ನೀವೇ ಕಂಡಿದ್ದು ಯಾವುದು?" ಅವಳ ಬಳಿ ಉತ್ತರವಿತ್ತು, ಚಿತ್ರವಿರಲಿಲ್ಲ. ಕಾಫಿ ಕುಡಿಸಿ ಕಳಿಸಿದರು.

ಸಂಜೆ ಮನೆಯಲ್ಲಿ ಮೈದುನ ಅವನ್ನೆಲ್ಲ ಟಿವಿಗೆ ಹಾಕಿದ. ಓರಗಿತ್ತಿ ಸೊಪ್ಪು ಬಿಡಿಸುತ್ತ ನೋಡಿದಳು. "ಚೆನ್ನಾಗಿದೆ ಅಕ್ಕ, ಥೇಟ್ ಕ್ಯಾಲೆಂಡರೇ." ಪಾಪ, ಹೊಗಳಿಕೆಯೇ ಅದು.

"ಒಂದರಲ್ಲೂ ನೀವೇ ಇಲ್ವಲ್ಲ ಅತ್ತಿಗೆ," ಅಂದ ಮೈದುನ.

"ತೆಗೆಯೋರು ಯಾರಿದ್ರಪ್ಪ?"

"ಆಯ್ತು, ಅಲ್ಲೇನೇನು ಕಂಡ್ರಿ, ಅದನ್ನಾದ್ರೂ ಹೇಳಿ."

ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಅಲ್ಲೊಬ್ಬರು ವಯಸ್ಸಾದವರಿದ್ರು..."

ಅಷ್ಟರಲ್ಲಿ ಅವನಿಗೆ ಫೋನ್ ಬಂತು. ಯಾರದೋ ಮೊಬೈಲ್ ನೀರಿಗೆ ಬಿದ್ದಿತ್ತಂತೆ, ಅಂಗಡಿ ಮುಂದೆ ಕಾಯುತ್ತಿದ್ದರಂತೆ. "ಬಂದೆ ಅತ್ತಿಗೆ," ಅಂದು ಚಪ್ಪಲಿ ಮೆಟ್ಟಿಕೊಂಡ. ಓರಗಿತ್ತಿ ಸೊಪ್ಪು ತೊಳೆಯಲು ಒಳಗೆ ಹೋದಳು. ಟಿವಿಯಲ್ಲಿ ಗಡಿಯಾರದ ಗೋಪುರ ನಿಂತೇ ಇತ್ತು. ಫೋಟೋ ಅಕ್ಕ ಎದ್ದು ಹೋಗಿ ಟಿವಿ ಆರಿಸಿದಳು.