ಬೆಟ್ಟದ ಮಗ್ಗುಲು

ಮೂರನೇ ಕ್ಲಾಸಿನ ಮಕ್ಕಳೆಂದರೆ ನನಗೆ ಪ್ರಾಣ, ತಲೆನೋವು ಕೂಡ. ಒಂದನೇ ಕ್ಲಾಸಿನವರು ಹೇಳಿದ್ದನ್ನೆಲ್ಲ ನಂಬುತ್ತಾರೆ. ಇವರು ಪುರಾವೆ ಕೇಳುತ್ತಾರೆ. ಬಿಳಿ ದೊರೆಗಳ ಕಾಲದಲ್ಲಿ ನಾನು ಮಲ್ಲಂದೂರಿನ ಹತ್ತಿರ ಕಾಫಿ ಎಸ್ಟೇಟ್ ಮಕ್ಕಳಿಗೆ ಮೇಷ್ಟ್ರಾಗಿದ್ದಾಗ ಹಾಗೆ ಪುರಾವೆ ಕೇಳಿದವಳು ಮೇಸ್ತ್ರಿ ಲಕ್ಕಯ್ಯನ ಮಗಳು ಮುದ್ದಮ್ಮ.

ಅವಳ ಅವ್ವ ಹೆರಿಗೆಗೆಂದು ಎದುರಿನ ಬೆಟ್ಟದ ಮಗ್ಗುಲಿನ ಊರಿಗೆ, ತವರಿಗೆ ಹೋಗಿದ್ದಳು. ಹೊರಡುವಾಗ, "ಬೆಳಗ್ಗೆ ಎದ್ದು ಬೆಟ್ಟ ನೋಡು ಮಗಾ, ನಾನೂ ಅದನ್ನೇ ನೋಡ್ತಿರ್ತೀನಿ" ಎಂದಿದ್ದಳು. ಅಂದಿನಿಂದ ಹುಡುಗಿ ಮುಖ ತೊಳೆಯುವ ಮೊದಲೇ ಅಂಗಳಕ್ಕೆ ಬಂದು ಮಂಜು ಸರಿಯುವುದನ್ನೇ ಕಾಯುತ್ತಿದ್ದಳು. ನಮ್ಮ ಕಡೆಯಿಂದ ಆ ಬೆಟ್ಟಕ್ಕೆ ಎರಡು ಕೋಡು. ಕೂಸನ್ನು ನೋಡಿ ಬಂದ ಲಕ್ಕಯ್ಯ, ಅಲ್ಲಿಂದ ಅದಕ್ಕೆ ಒಂದೇ ಕೋಡು ಎಂದುಬಿಟ್ಟ.

ಹುಡುಗಿ ಮುಖ ಊದಿಸಿಕೊಂಡಳು. "ಅವ್ವ ನೋಡೋದು ಬೇರೆ ಬೆಟ್ಟ. ನಂಗೆ ಸುಳ್ಳು ಹೇಳಿದ್ಲು. ಕೂಸಿಗೆ ಹೆಸರಿಡೋಕೆ ನಾನು ಬರಲ್ಲ."

ಲಕ್ಕಯ್ಯ ಗೋಗರೆದ. ನನಗೋ ಸಿಟ್ಟು ಮೂಗಿನ ತುದಿಯಲ್ಲೇ, ಗದರಿಯೂ ನೋಡಿದೆ. ಜಪ್ಪಯ್ಯ ಎಂದರೂ ಕೇಳಲಿಲ್ಲ.

ಹೆಸರಿಡುವ ಹಿಂದಿನ ಸಂಜೆ ಮಕ್ಕಳನ್ನೆಲ್ಲ ಕಾಫಿ ಕಣಕ್ಕೆ ಕರೆದೊಯ್ದೆ. ಇಬ್ಬನಿ ಬೀಳುವ ಮೊದಲು, ಒಣಗಲು ಹರಡಿದ್ದ ಹಣ್ಣನ್ನು ರಾಶಿ ಮಾಡಿದ್ದರು. ಎರಡು ರಾಶಿ ಕೂಡಿಕೊಂಡು ಎರಡು ತುದಿ ಎದ್ದಿತ್ತು. ಹೊಂಬಿಸಿಲು, ಹಣ್ಣಿನ ಹುಳಿ ವಾಸನೆ. ಮಕ್ಕಳು ಕನಸಿನೊಳಗೆ ಬಂದವರ ಹಾಗೆ ಪಿಸುಗುಟ್ಟುತ್ತಿದ್ದರು. ಅವರನ್ನು ಕಣದ ನಾಲ್ಕೂ ಬದಿಗೆ ಕೂರಿಸಿ, "ನಿಮ್ಮ ಎಡಗಡೆ ಬದಿಯವರಿಗೆ ರಾಶಿ ಹ್ಯಾಗೆ ಕಾಣುತ್ತೆ, ಬರೀರಿ" ಎಂದೆ.

ಎಲ್ಲರೂ ತಮಗೆ ಕಂಡದ್ದನ್ನೇ ಬರೆದರು. ಮುದ್ದಮ್ಮ ಎತ್ತಿ ತೋರಿಸಿದ ಸ್ಲೇಟಿನಲ್ಲಿ ಎರಡು ತುದಿ.

"ಎರಡೆಲ್ಲಿದೆ ಮಾರಾಯ್ತಿ? ಒಂದೇ!" ಎಂದು ಅವಳ ಎಡಬದಿಯಲ್ಲಿ ಕೂತಿದ್ದ ನಾಗೇಶ ನಕ್ಕ.

ಅವನಿಗೆ ಗುದ್ದಲೆಂದೇ ಎದ್ದು ಹೋದವಳು ಅವನ ಪಕ್ಕದಲ್ಲಿ ನಿಂತುಬಿಟ್ಟಳು. ನಿಧಾನಕ್ಕೆ ಬಂದ ದಾರಿಯಲ್ಲೇ ಹಿಂದೆ ಸರಿದಳು, ಎರಡನೇ ತುದಿ ಇಣುಕಿತು. ಮುಂದೆ ಬಂದಳು, ಅಡಗಿತು. ಹೀಗೆ ಹೋಗುತ್ತಾ ಬರುತ್ತಾ ಇದ್ದವಳು ಕೊನೆಗೆ ತಲೆಯೆತ್ತಿ ಬೆಟ್ಟವನ್ನು ನೋಡಿದಳು.

ಮಾರನೇ ಬೆಳಗ್ಗೆ ಅಪ್ಪನ ಕೈಹಿಡಿದು ಹೊರಟವಳ ಕಂಕುಳಲ್ಲಿ ಸ್ಲೇಟಿತ್ತು. ಅದರಲ್ಲಿ ಒಂದೇ ಕೋಡಿನ ಬೆಟ್ಟ.

"ಇನ್ನೊಂದು ಕೋಡು ಎಲ್ಲಿ ಹೋಯ್ತೇ?" ಎಂದು ರೇಗಿಸಿದೆ.

"ಇದ್ರ ಹಿಂದೆ ಅದೆ ಮೇಷ್ಟ್ರೇ. ಅವ್ವಂಗೆ ಕಾಣಲ್ಲ, ಅಷ್ಟೆ. ಇಷ್ಟು ದಿನ ನಾನೂ ಹಂಗೇ, ಅವ್ವಂಗೆ ಕಾಣದೆ ಇಲ್ಲೇ ಇದ್ದೆ."