ಸಹಿ ಹಾಕದ ನಾದಿನಿ

ಯುದ್ಧವಿಮಾನದ ಹಾರಾಟವನ್ನು ನಿಯಂತ್ರಿಸುವ ಕಂಪ್ಯೂಟರ್ ಪ್ರೋಗ್ರಾಮನ್ನು ಪರೀಕ್ಷಿಸುವುದು ಅವಳ ಕೆಲಸ. ಆ ವಿಭಾಗದ ಮುಖ್ಯಸ್ಥ ಅವಳ ಅಕ್ಕನ ಗಂಡ. ಮನೆಯಲ್ಲಿ ಭಾವ, ಆಫೀಸಿನಲ್ಲಿ ಸರ್. ಎರಡೂ ಕಡೆ ಅವನೆಂದರೆ ಅವಳಿಗೆ ಅಷ್ಟಕ್ಕಷ್ಟೇ. ಹನ್ನೊಂದು ವರ್ಷದಿಂದ ಅವನು ಪ್ರೋಗ್ರಾಮಿನ ಒಂದು ಸಾಲನ್ನೂ ಬರೆದಿರಲಿಲ್ಲ. ಬೇರೆಯವರು ಬರೆದದ್ದನ್ನು ತಾನೇ ಹೆತ್ತವನಂತೆ ಸಭೆಗಳಲ್ಲಿ ಕೊಂಡಾಡುವುದೇ ಅವನ ಕಸುಬು.

ಮೊದಲ ಹಾರಾಟಕ್ಕೆ ಇಪ್ಪತ್ತು ದಿನವಿದ್ದಾಗ ಅವಳಿಗೊಂದು ತಪ್ಪು ಸಿಕ್ಕಿತು. ಇಳಿಯುವಾಗ ಪೈಲಟ್ ಗಾಬರಿಯಿಂದ ವಿಮಾನ ನಡೆಸುವ ಸ್ಟಿಕ್ಕನ್ನು ಹಿಂದೆ ಮುಂದೆ ಎಳೆದಾಡಿದರೆ ಅದನ್ನು ಏರಿಳಿಸುವ ರೆಕ್ಕೆಯ ಹಲಗೆಗಳು ಅರೆಕ್ಷಣ ತಡವಾಗಿ ಅಲುಗುತ್ತಿದ್ದವು. ಅವನು ಸರಿಪಡಿಸಲು ಹೋದಷ್ಟೂ ವಿಮಾನ ಇನ್ನಷ್ಟು ಓಲಾಡುತ್ತಿತ್ತು.

ಭಾವ ಅವಳ ವರದಿಯನ್ನು ತುದಿಬೆರಳಲ್ಲಿ ಪಕ್ಕಕ್ಕೆ ಸರಿಸಿದ. "ಯಾವ ಪೈಲಟ್ ಹಂಗೆ ಎಳೆದಾಡ್ತಾನೆ? ಅವನೇನು ಬೋರ್‌ವೆಲ್ ಪಂಪ್ ಹೊಡೀತಾನಾ?"

"ಹೆದರಿದವನು ಎಳೆದಾಡ್ತಾನೆ ಸರ್."

"ನಮ್ಮವರು ಹೆದರಲ್ಲ. ಪರೀಕ್ಷೆ ಪಾಸಾಯ್ತು ಅಂತ ಸಹಿ ಹಾಕು."

ಅವಳು ಹಾಕಲಿಲ್ಲ. ಸಂಜೆ ಅಕ್ಕ ಫೋನು ಮಾಡಿ, "ಮನೆಯವರ ಮಾನ ಬೀದಿಗೆ ತರ್ತೀಯೇನೇ?" ಎಂದಳು.

ಮರುದಿನ ವಿಮಾನ ಹಾರಿಸಬೇಕಿದ್ದ ಪೈಲಟ್ ಪರದೆಯ ಮುಂದೆ ಕೂತು ಹಾರಾಟ ಅಭ್ಯಾಸ ಮಾಡುವ ಸಿಮ್ಯುಲೇಟರ್ ಕೋಣೆಗೆ ಬಂದ. ನಾದಿನಿಯ ಬಾಯಿ ಮುಚ್ಚಿಸಲು ಭಾವನೇ ಕೋಟು ಬಿಚ್ಚಿ ಸೀಟಿಗೇರಿದ. ಅವಳು ಕಂಪ್ಯೂಟರಿನಲ್ಲಿ ಗಾಳಿಯ ಹೊಡೆತವನ್ನು ಸ್ವಲ್ಪ ಹೆಚ್ಚಿಸಿದಳು, ಅಷ್ಟೇ. ಪರದೆಯ ಮೇಲೆ ರನ್‌ವೇ ಮೇಲೆ ಕೆಳಗೆ ಕುಣಿಯಿತು. ಭಾವನ ಕೈಯೂ ಕುಣಿಯಿತು. ವಿಮಾನ ನೆಲಕ್ಕೆ ಅಪ್ಪಳಿಸಿತು. ಸೀಟು ಸರಿಯಿಲ್ಲ ಎಂದ. ಎರಡನೆಯ ಸಲ ಪರದೆ ಮಸುಕು ಎಂದ. ಐದನೆಯ ಸಲ ಬೈಯಲು ಏನೂ ಉಳಿಯದೆ ಬೆವರು ಒರೆಸಿಕೊಂಡ.

"ಇಳೀರಿ ಸರ್," ಎಂದ ಪೈಲಟ್. "ಇದು ಸರಿ ಆಗೋ ತನಕ ನಾನು ಹತ್ತಲ್ಲ."

ಖುಷಿಯಾಗುತ್ತದೆ ಎಂದುಕೊಂಡಿದ್ದಳು. ಆಗಲಿಲ್ಲ. ಇಂಥವನು ಬಂದಾಗಲೆಲ್ಲ ಇಷ್ಟು ವರ್ಷ ಕುರ್ಚಿ ಬಿಟ್ಟು ಎದ್ದು ನಿಂತಿದ್ದೆನಲ್ಲ ಎಂದು ತನ್ನ ಮೇಲೇ ಹೇಸಿಗೆಯಾಯಿತು.

ಹಾರಾಟ ಮುಂದಕ್ಕೆ ಹೋಯಿತು; ತಪ್ಪು ತಿದ್ದಲು ಏಳು ವಾರ ಹಿಡಿಯಿತು. ಹಾರಾಟದ ದಿನ ಅಡ್ಡಗಾಳಿ ಜೋರಾಗಿದ್ದರೂ ವಿಮಾನ ಅಲುಗದೆ ಇಳಿಯಿತು. ಪೈಲಟ್ ನೇರ ಅವಳ ಬಳಿ ಬಂದು ಕೈಕುಲುಕಿದ. ಭಾವನ ಸುತ್ತ ಕ್ಯಾಮೆರಾಗಳಿದ್ದವು; 'ಮುಖ್ಯಸ್ಥರ ದೂರದೃಷ್ಟಿ' ಎಂದು ಪತ್ರಿಕೆಯಲ್ಲಿ ವರದಿಯೂ ಬಂತು.

"ನೋಡಿದ್ಯಾ?" ಎಂದಳು ಅಕ್ಕ ಫೋನಿನಲ್ಲಿ. "ಅವರಿಂದ ನೀನೂ ಒಂದಿಷ್ಟು ಕಲಿ."

"ಕಲಿಯೋಕೇನಿದೆ ಅಕ್ಕ ಅಲ್ಲಿ," ಎಂದು ಅವಳು ಫೋನಿಟ್ಟು, ಮುಂದಿನ ಪರೀಕ್ಷೆಯ ಕಡತ ತೆರೆದಳು.